ಕಚೇರಿ ಅರ್ಧ ಮುಚ್ಚಿದರೂ ಗಡುವು ನಿಲ್ಲುವುದಿಲ್ಲ

ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ನ್ಯೂಜೆರ್ಸಿಯಲ್ಲಿರುವ ಕನ್ನಡದ ಕುಟುಂಬ. ಗಂಡನಿಗೆ ಐವತ್ತರ ಹತ್ತಿರ, ಸಾಫ್ಟ್‌ವೇರ್ ಕೆಲಸ. ಪಾರ್ಶ್ವವಾಯು ಹೊಡೆದು ಬಲಗೈ ಸ್ವಾಧೀನ ತಪ್ಪಿದೆ, ಮಾತು ತೊದಲುತ್ತದೆ. ಸೋಷಿಯಲ್ ಸೆಕ್ಯುರಿಟಿ ಎಂಬ ಅಮೆರಿಕ ಸರ್ಕಾರದ ಸಾಮಾಜಿಕ ವಿಮೆಯಲ್ಲಿ ಅಂಗವೈಕಲ್ಯ ಭತ್ಯೆಗೆ ಹಾಕಿದ ಅರ್ಜಿ ತಿರಸ್ಕಾರವಾಗಿತ್ತು. ಪತ್ರದ ತಾರೀಖು 2025ರ ಸೆಪ್ಟೆಂಬರ್ 10. ಅಕ್ಟೋಬರ್ 1ಕ್ಕೆ ಅಮೆರಿಕ ಸರ್ಕಾರದ ಶಟ್‌ಡೌನ್ ಶುರು, ಅಂದರೆ ಬಜೆಟ್ಟಿಗೆ ಒಪ್ಪಿಗೆ ಸಿಗದೆ ಸರ್ಕಾರದ ಹಲವು ಕೆಲಸ ನಿಂತವು.

ಹೆಂಡತಿ ಆ ತಿಂಗಳ ಕೊನೆಗೆ ಸಲಹೆ ಕೇಳಲು ನನ್ನ ಹತ್ತಿರ ಬಂದರು. "ಮೇಡಂ, ಆಫೀಸೇ ಬಂದ್ ಅಂತೆ. ತೆಗೆದ ಮೇಲೆ ನೋಡೋಣ ಅಂತಾರೆ ನಮ್ಮನೆಯವರು. ಊರಿಂದ ಅತ್ತೆ ದಿನಾ ಫೋನ್ ಮಾಡಿ, ಎಲ್ಲಾ ಬಿಟ್ಟು ಬಂದ್ಬಿಡಿ ಅಂತಾರೆ."

ಪತ್ರ ತರಿಸಿ ಓದಿದೆ. ಒಂದು ವರ್ಷದೊಳಗೆ ಬೇರೆ ಕೆಲಸ ಮಾಡುವಷ್ಟು ಚೇತರಿಸಿಕೊಳ್ಳಬಹುದು ಎಂಬುದು ಅವರು ಕೊಟ್ಟ ಕಾರಣ. ಮೇಲ್ಮನವಿಯ ಮೊದಲ ಹಂತವಾದ ಮರುಪರಿಶೀಲನೆ ಕೇಳಲು 60 ದಿನ, ಅಂಚೆಗೆಂದು ಇನ್ನೈದು ದಿನ. ಲೆಕ್ಕ ಹಾಕಿದರೆ ನವೆಂಬರ್ 14. ಶಟ್‌ಡೌನ್ ಆಗಿದೆ ಅಂತ ಈ ಗಡುವು ತಾನಾಗಿ ಮುಂದೆ ಹೋಗುವುದಿಲ್ಲ. ತಕ್ಕ ಕಾರಣ ತೋರಿಸಿ ತಡವಾಗಿಯೂ ಕೇಳಬಹುದು, ಆದರೆ ಅದನ್ನು ಒಪ್ಪುವುದು ಬಿಡುವುದು ಅವರ ಕೈಲಿದೆ. ಅದನ್ನು ನಂಬಿ ಕೂರಬೇಡಿ ಎಂದೆ.

ಆಫೀಸು ಪೂರ್ತಿ ಬಂದ್ ಆಗಿಯೂ ಇರಲಿಲ್ಲ. ಹೊಸ ಅರ್ಜಿ, ಮೇಲ್ಮನವಿ ತೆಗೆದುಕೊಳ್ಳುತ್ತಿದ್ದರು. ಭತ್ಯೆ ಬರುತ್ತಿದೆ ಎಂದು ದೃಢಪಡಿಸುವ ಪತ್ರ ಕೊಡುವಂಥ ಕೆಲಸಗಳು ಶಟ್‌ಡೌನ್ ಶುರುವಾದಾಗ ಕಚೇರಿಯಲ್ಲಿ ನಿಂತಿದ್ದವು. ಈಗಾಗಲೇ ಭತ್ಯೆ ಪಡೆಯುತ್ತಿರುವವರ ಹಣ ನಿಲ್ಲಲಿಲ್ಲ. ಅದು ವರ್ಷವರ್ಷದ ಬಜೆಟ್ಟಿನಿಂದಲ್ಲ, ಸಂಬಳದ ತೆರಿಗೆ ಸೇರುವ ಟ್ರಸ್ಟ್ ನಿಧಿಯಿಂದ ಬರುತ್ತದೆ.

ಗಂಡನನ್ನೂ ಕರೆಸಿದೆ. ಅವರ ಹಿಂಜರಿಕೆಗೆ ಕಾರಣ ಶಟ್‌ಡೌನ್ ಅಲ್ಲ. "ಭಿಕ್ಷೆ... ಬೇಡ" ಎಂದು ಬಿಡಿಸಿ ಬಿಡಿಸಿ ಹೇಳಿದರು. ಅವರ ಹಳೆಯ ಪೇ ಸ್ಲಿಪ್ ತೆಗೆಸಿ ಸೋಷಿಯಲ್ ಸೆಕ್ಯುರಿಟಿ ಕಡಿತದ ಸಾಲನ್ನು ತೋರಿಸಿದೆ. ಸಂಬಳದಿಂದ ಶೇ. 6.2, ಕಂಪನಿಯಿಂದ ಅಷ್ಟೇ. "ಇಷ್ಟು ವರ್ಷ ಕಂತು ಕಟ್ಟಿದ್ದೀರಿ. ಕೇಳುತ್ತಿರುವುದು ನಿಮ್ಮ ವಿಮೆಯನ್ನೇ," ಎಂದೆ. ಬಹಳ ಹೊತ್ತು ಆ ಕಾಗದ ನೋಡಿದರು. ಆಮೇಲೆ ತಾವೇ ಲ್ಯಾಪ್‌ಟಾಪ್ ಕೇಳಿದರು. ನಮ್ಮ ಜನ ಈ ನಾಚಿಕೆಯಲ್ಲೇ ಎಷ್ಟೋ ಹಕ್ಕು ಕಳೆದುಕೊಳ್ಳುತ್ತಾರೆ, ನನಗದು ನೋವಿನ ವಿಷಯ.

ನಾನು ಹೇಳಿದ್ದಿಷ್ಟು: ಇವತ್ತೇ ಆನ್‌ಲೈನಿನಲ್ಲಿ ಮರುಪರಿಶೀಲನೆ ಕೋರಿ, ಸ್ವೀಕೃತಿ ಪುಟವನ್ನು ಪ್ರಿಂಟ್ ತೆಗೆದಿಡಿ. ವರದಿಗಳೆಲ್ಲ ಕೈಸೇರಲಿ ಅಂತ ಕಾಯಬೇಡಿ, ಆಮೇಲೆ ಸೇರಿಸಬಹುದು. ಥೆರಪಿಸ್ಟ್ ಹತ್ತಿರ ರೋಗದ ಹೆಸರಷ್ಟೇ ಬರೆಸಬೇಡಿ. ಶರ್ಟಿನ ಗುಂಡಿ ಹಾಕಲು ಎಷ್ಟು ಹೊತ್ತು, ಕೀಬೋರ್ಡ್ ಮೇಲೆ ಬೆರಳು ಆಡುತ್ತದೆಯೇ, ಎಷ್ಟು ನಿಮಿಷಕ್ಕೆ ಸುಸ್ತು, ಇದೆಲ್ಲ ಬರಲಿ. ಊರಿಗೆ ಹೋಗುವ ಮಾತು ಉತ್ತರ ಬಂದ ಮೇಲೆ. ಅತ್ತೆಯವರ ಜೊತೆ ವಾರಕ್ಕೊಂದು ದಿನ ಗೊತ್ತು ಮಾಡಿಕೊಂಡು, ಗಂಡನನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಮಾತಾಡಿ.

ಅದೇ ರಾತ್ರಿ ಮೇಲ್ಮನವಿ ಹೋಯಿತು. ಶಟ್‌ಡೌನ್ ಮುಗಿದದ್ದು ನವೆಂಬರ್ 12ರ ರಾತ್ರಿ. ಕಾದಿದ್ದರೆ ಅವರಿಗೆ ಉಳಿಯುತ್ತಿದ್ದದ್ದು ಎರಡೇ ದಿನ.