ಅರ್ಧ ಓದಿದ ಲಾವೋ ತ್ಸು

"ತಾವೋ ಎಂದರೆ ನಮ್ಮ ಬ್ರಹ್ಮವೇ? ಅದು ತಿಳಿಯದೆ ಎಲ್ಲವನ್ನೂ ಹರಿಯಲು ಬಿಡುವುದನ್ನು ಕಲಿಯಬಹುದೇ?" ಎಂದು ಕೇಳಿದ್ದೀರಿ. ತಾವೋ ಎಂದರೆ 'ದಾರಿ'; ಪ್ರಾಚೀನ ಚೀನಾದ ಜ್ಞಾನಿ ಲಾವೋ ತ್ಸುವಿನ ಹೆಸರಿನಲ್ಲಿರುವ 'ತಾವೋ ತೆ ಚಿಂಗ್' ಪುಸ್ತಕದ ಮೂಲ ಮಾತು ಅದು. ಇವೇ ಪ್ರಶ್ನೆಗಳು ತಲೆ ತುಂಬಿದ್ದ ಕಾಲಕ್ಕೆ ನಾನೂ ಒಬ್ಬ ಗೆಳೆಯನೂ ಸೇರಿ ಚಿಕ್ಕ ಮುದ್ರಣಾಲಯ ನಡೆಸುತ್ತಿದ್ದೆವು. ಲಗ್ನಪತ್ರಿಕೆ, ಬಿಲ್ ಪುಸ್ತಕ, ಜಾತ್ರೆಯ ಕರಪತ್ರ, ಇಂಥವೇ. ಯಂತ್ರ ಮತ್ತು ಗಿರಾಕಿಗಳು ನನ್ನ ಪಾಲಿಗೆ, ಹಣ ಮತ್ತು ಲೆಕ್ಕ ಅವನ ಪಾಲಿಗೆ. ಬರಬರುತ್ತಾ ಖಾತೆ ಪುಸ್ತಕ ಬರೆಯುವುದು ಹಿಂದೆ ಬಿದ್ದಿತು. ಕಾಗದದ ವ್ಯಾಪಾರಿಯ ಮಾತು ಫೋನಿನಲ್ಲಿ ಬಿಗಿಯಾಗತೊಡಗಿತು. ನನಗೆ ಎಲ್ಲವೂ ಕಾಣುತ್ತಿತ್ತು. ಕೇಳಲಿಲ್ಲ.

ಕೇಳದಿರಲು ನನ್ನ ಬಳಿ ಘನವಾದ ಆಧಾರವಿತ್ತು. ತಾವೋ ತೆ ಚಿಂಗ್‌ನ 15ನೆಯ ಅಧ್ಯಾಯದಲ್ಲಿ, ಕದಡಿದ ನೀರನ್ನು ನಿಶ್ಚಲವಾಗಿರಿಸಿ ಮೆಲ್ಲನೆ ತಿಳಿಯಾಗಿಸಬಲ್ಲವರು ಯಾರು ಎಂಬ ಪ್ರಶ್ನೆ ಬರುತ್ತದೆ. ಅದನ್ನು ಬರೆದು ಮೇಜಿನ ಗಾಜಿನಡಿ ಇಟ್ಟುಕೊಂಡಿದ್ದೆ. ಲೆಕ್ಕವೂ ತಾನಾಗಿ ತಿಳಿಯಾಗಲಿ ಎಂದು ಕಾದೆ. ಕಾಗದದ ವ್ಯಾಪಾರಿ ಬಾಗಿಲಿಗೇ ಬಂದು ನಿಂತಾಗ ಬಾಕಿ ನಾನು ಎಣಿಸಿದ್ದಕ್ಕಿಂತ ಬಹಳ ದೊಡ್ಡದಿತ್ತು. ಯಂತ್ರ ಮಾರಿದೆವು. ಗೆಳೆಯ ಕದ್ದಿರಲಿಲ್ಲ; ಮನೆಯ ಆಸ್ಪತ್ರೆ ಖರ್ಚಿಗೆಂದು ತೆಗೆದು, ತುಂಬಿಸಿ, ಮತ್ತೆ ತೆಗೆದು ಸಿಕ್ಕಿಕೊಂಡಿದ್ದ. "ನೀನು ಒಂದು ಮಾತು ಕೇಳಿದ್ದರೆ ಹೇಳಿಬಿಡುತ್ತಿದ್ದೆ. ನಿನಗೆ ಗೊತ್ತಿದೆ, ಒಪ್ಪಿಗೆಯೂ ಇದೆ ಎಂದುಕೊಂಡೆ" ಎಂದ. ಆಮೇಲೆ ಅವನು ನನ್ನೊಂದಿಗೆ ಮಾತನಾಡಿಲ್ಲ.

ಆ ತಪ್ಪನ್ನು ಬಿಡಿಸಿ ಹೇಳುತ್ತೇನೆ, ಉದ್ದವಾದರೂ ಸಹಿಸಿಕೊಳ್ಳಿ. ಗಾಜಿನಡಿ ಇದ್ದದ್ದು ಅರ್ಧ ಮಾತು. ಅದರ ಬೆನ್ನಿಗೇ, ಅದೇ ಅಧ್ಯಾಯದಲ್ಲಿ ಇನ್ನೊಂದು ಪ್ರಶ್ನೆಯಿದೆ: ನಿಶ್ಚಲವಾಗಿರುವುದನ್ನು ಅಲುಗಿಸಿ ಮೆಲ್ಲನೆ ಜೀವ ತುಂಬಬಲ್ಲವರು ಯಾರು? ಅದನ್ನು ಓದಿದ್ದೆ, ಆದರೆ ಅಡಿಗೆರೆ ಎಳೆದಿರಲಿಲ್ಲ. ಎದುರುಬದುರು ಕೂತು ಕಹಿ ಮಾತು ಆಡಲು ಅಂಜುವ ಸ್ವಭಾವ ನನ್ನದು; ಸುಮ್ಮನಿರಲು ಪುಸ್ತಕದಿಂದ ಪರವಾನಗಿ ಪಡೆದುಕೊಂಡೆ. ಏನನ್ನೂ ಮಾಡದಿದ್ದರೂ ಮಾಡದೆ ಉಳಿಯುವುದು ಏನೂ ಇಲ್ಲ ಎನ್ನುವ 48ನೆಯ ಅಧ್ಯಾಯದ ಪುಟ ನನ್ನ ಪೆನ್ಸಿಲ್ಲಿನಿಂದ ಕಪ್ಪಾಗಿತ್ತು. 64ನೆಯ ಅಧ್ಯಾಯದ ಪುಟ ಶುಭ್ರವಾಗಿತ್ತು. ಅಲ್ಲಿ ಇರುವುದೇನು? ತಲೆದೋರುವ ಮೊದಲೇ ನಿಭಾಯಿಸು, ಕೆಡುವ ಮೊದಲೇ ಸರಿಪಡಿಸು. ತೋಳ್ತೆಕ್ಕೆಗೆ ತುಂಬುವ ಮರವೂ ಕೂದಲೆಳೆಯಷ್ಟು ಮೊಳಕೆಯಿಂದ ಬಂದದ್ದು. ಸಾವಿರ ಲೀ (ಚೀನೀಯರ ದೂರದ ಅಳತೆ) ಪಯಣ ಕಾಲಡಿಯಿಂದಲೇ ಆರಂಭ ಎಂಬ, ಎಲ್ಲರಿಗೂ ಬಾಯಿಪಾಠವಾದ ಮಾತು ಇರುವುದೂ ಅಲ್ಲೇ. ಚಿಕ್ಕದಿದ್ದಾಗ ಕೈಹಾಕಿದವನಿಗೆ ಮುಂದೆ ಬಲಪ್ರಯೋಗದ ಅಗತ್ಯ ಬೀಳುವುದಿಲ್ಲ. ವೂವೇ, ಅಂದರೆ 'ಮಾಡದಿರುವಿಕೆ', ಎಂಬ ತತ್ತ್ವವನ್ನು ನಾನು ಅರ್ಥ ಮಾಡಿಕೊಂಡಿರುವುದು ಹೀಗೆ. ಖಾತೆ ಹಿಂದೆ ಬಿದ್ದ ಹೊಸತರಲ್ಲೇ ಚಹಾ ಕುಡಿಯುತ್ತಾ "ಲೆಕ್ಕ ಎಲ್ಲಿಗೆ ಬಂತು?" ಎಂದಿದ್ದರೆ ಅದೇ ವೂವೇ ಆಗುತ್ತಿತ್ತು.

ಆದ್ದರಿಂದ ಹರಿಯಲು ಬಿಡುವುದನ್ನು ಕಲಿಯಬೇಕೆಂಬ ನಿಮ್ಮ ಗುರಿಯನ್ನೇ ನಾನು ಒಪ್ಪುವುದಿಲ್ಲ. ಚೀನಾದ ರಾಜ್ಯಗಳು ಒಂದನ್ನೊಂದು ನುಂಗಲು ಕಾದಾಡುತ್ತಿದ್ದ ಕಾಲದ ಪುಸ್ತಕವಿದು. ಚೀನಾದ ಗುವೋದಿಯನ್‌ನ ಗೋರಿಯಲ್ಲಿ 1993ರಲ್ಲಿ ಸಿಕ್ಕ, ಬಿದಿರುಪಟ್ಟಿಗಳ ಮೇಲೆ ಬರೆದ ಇದರ ಪ್ರತಿ ಕ್ರಿ.ಪೂ. 300ರ ಆಸುಪಾಸಿನದು. ಈ ಪುಸ್ತಕದಲ್ಲಿ ಬಹಳಷ್ಟು ಮಾತು ಆಳುವವನನ್ನು ಉದ್ದೇಶಿಸಿ ಹೇಳಿದ್ದು. ಮೇಲಿನವರು ತೆರಿಗೆಯನ್ನು ಅತಿಯಾಗಿ ತಿನ್ನುವುದರಿಂದಲೇ ಜನ ಹಸಿದಿದ್ದಾರೆ ಎನ್ನುತ್ತದೆ 75ನೆಯ ಅಧ್ಯಾಯ. ದೊಡ್ಡ ರಾಜ್ಯವನ್ನು ಆಳುವುದು ಚಿಕ್ಕ ಮೀನು ಬೇಯಿಸಿದಂತೆ ಎನ್ನುತ್ತದೆ 60ನೆಯದು. ಪದೇ ಪದೇ ಮಗುಚಿದರೆ ಮೀನು ಪುಡಿಯಾಗುತ್ತದೆ ಎಂದು ವ್ಯಾಖ್ಯಾನಕಾರರು ಅದನ್ನು ಬಿಡಿಸಿದ್ದಾರೆ. ಮೀನನ್ನು ಒಲೆಯ ಮೇಲಿಟ್ಟು ಮಲಗಲು ಹೋಗು ಎಂದು ಯಾರೂ ಹೇಳಿಲ್ಲ.

ತಾವೋ ಪಂಥದ ಇನ್ನೊಬ್ಬ ಚೀನೀ ಚಿಂತಕ ಚುವಾಂಗ್ ತ್ಸುವಿನ ಪುಸ್ತಕದ 3ನೆಯ ಅಧ್ಯಾಯದ ದಿಂಗ್ ಎಂಬ ಅಡುಗೆಯವನ ಕತೆಗೂ ಇದೇ ಗತಿ ಬಂದಿದೆ. 19 ವರ್ಷ ಒಂದೇ ಕತ್ತಿಯಿಂದ ಸಾವಿರಾರು ದನಗಳನ್ನು ಕಡಿದರೂ ಅಲಗು ಈಗಷ್ಟೇ ಸಾಣೆ ಹಿಡಿದಂತಿದೆ, ಏಕೆಂದರೆ ಅವನು ಅದನ್ನು ಕೀಲುಗಳ ಸಂದಿನಲ್ಲಿ ಓಡಿಸುತ್ತಾನೆ. ಜನ ಹೇಳುವುದು ಇಷ್ಟನ್ನೇ. ತೊಡಕಿನ ಜಾಗ ಬಂದರೆ ಎಚ್ಚರಗೊಂಡು, ಕಣ್ಣು ನೆಟ್ಟು, ಕೈ ನಿಧಾನಿಸಿ, ಕತ್ತಿಯನ್ನು ತುಸುವೇ ಸರಿಸುತ್ತೇನೆ ಎಂದೂ ಅವನು ಹೇಳುತ್ತಾನೆ. ನಾನು ತೊಡಕು ಕಂಡೊಡನೆ ಕತ್ತಿ ಕೆಳಗಿಟ್ಟವನು.

ಇನ್ನು ಬ್ರಹ್ಮದ ಪ್ರಶ್ನೆ. ನಮ್ಮವರಿಗೆ ಈ ಆಸೆ ಸಹಜ, ಅಲ್ಲಮನ ಬಯಲನ್ನೂ ಎಳೆದು ತಂದು ಜೋಡಿಸುವವರಿದ್ದಾರೆ. ಬಿಟ್ಟುಬಿಡಿ. ಲಾವೋ ತ್ಸು ಜಗತ್ತನ್ನು ಮಾಯೆ ಎನ್ನುವುದಿಲ್ಲ, ಹುಟ್ಟುಸಾವಿನ ಚಕ್ರದಿಂದ ಬಿಡುಗಡೆಯ ಮಾತೂ ಅಲ್ಲಿಲ್ಲ. ತಿರುಗಿ ಮರಳುವುದೇ ತಾವೋದ ಚಲನೆ, ಮೆದುತನವೇ ಅದರ ಬಗೆ ಎನ್ನುವ 40ನೆಯ ಅಧ್ಯಾಯದ ಸಾಲುಗಳಷ್ಟು ಕೈಯಲ್ಲಿದ್ದರೆ ಸದ್ಯಕ್ಕೆ ಸಾಕು. ಹೆಸರಿಸಲಾಗದ ತಾವೋ ಎಂಬ ಮೊದಲ ಅಧ್ಯಾಯದಲ್ಲೇ ಸಿಕ್ಕಿಬಿದ್ದು ಒದ್ದಾಡಬೇಡಿ. 1973ರಲ್ಲಿ ಚೀನಾದ ಮವಾಂಗ್‌ತ್ವೇಯಲ್ಲಿ, ಕ್ರಿ.ಪೂ. 168ರ ಗೋರಿಯೊಂದರಿಂದ ತೆಗೆದ ರೇಷ್ಮೆಯ ಪ್ರತಿಗಳು ಆರಂಭವಾಗುವುದೇ ಇಂದಿನ 38ನೆಯ ಅಧ್ಯಾಯದಿಂದ. ನಾವು ಮೊದಲನೆಯದೆನ್ನುವುದು ಅಲ್ಲಿ ನಡುವೆಲ್ಲೋ ಬರುತ್ತದೆ. ನೀವೂ ಹಾಗೆಯೇ ಓದಿ. 64 ಮುಗಿಯುವವರೆಗೆ ಪೆನ್ಸಿಲ್ ಮುಟ್ಟಬೇಡಿ.

ಚುವಾಂಗ್ ತ್ಸುವಿನ 33 ಅಧ್ಯಾಯಗಳಲ್ಲಿ ಮೊದಲ ಏಳು ಸಾಕು. ತಾನು ಚಿಟ್ಟೆಯಾದಂತೆ ಅವನು ಕಂಡ ಕನಸಿಗೆ ಅಗತ್ಯಕ್ಕಿಂತ ಹೆಚ್ಚು ಪ್ರಚಾರ ಸಿಕ್ಕಿದೆ ಎಂಬುದು ನನ್ನ ದೂರು. ಅದೇ 2ನೆಯ ಅಧ್ಯಾಯದ ಕೋತಿಗಳ ಕತೆ ಅದಕ್ಕಿಂತ ಚುರುಕಾಗಿದೆ: ಸಾಕುವವನು ತಿನ್ನಲು ಕಾಯಿ ಬೆಳಗ್ಗೆ ಮೂರು, ಸಂಜೆ ನಾಲ್ಕು ಎಂದಾಗ ಅವು ಸಿಟ್ಟಾದವು, ಬೆಳಗ್ಗೆ ನಾಲ್ಕು, ಸಂಜೆ ಮೂರು ಎಂದಾಗ ಕುಣಿದಾಡಿದವು. ಸಾಕುವವನಿಗೆ ಇದರಿಂದ ನಷ್ಟವೇನೂ ಆಗಲಿಲ್ಲ. ಆದರೆ ಅವನು ಕೋತಿಗಳ ಮುಖ ನೋಡಿದ್ದ, ಕೂಡಲೇ ಬಾಯಿ ಬಿಟ್ಟಿದ್ದ.