ಪರವಡತೈತೇನು ಅಪ್ಪಾ?

ಪತ್ರ: ನಾನು ಬೆಟಗೇರಿಯಲ್ಲಿ ಹುಟ್ಟಿದವ. ಅಪ್ಪ ಸಾವಕಾರರು ಕೊಟ್ಟ ನೂಲಿನಲ್ಲಿ ಸೀರೆ ನೇಯುತ್ತಿದ್ದ. ಕಿರಾಣಿ ಅಂಗಡಿಯ ಉದ್ರಿ ಎಂದೂ ತೀರಲಿಲ್ಲ. ಈಗ ಗಂಡ ಹೆಂಡತಿ ಇಬ್ಬರಿಗೂ ನೌಕರಿ. ಧಾರವಾಡದಲ್ಲಿ ಸ್ವಂತ ಮನೆ, ಅದರ ಸಾಲವೂ ಮುಗಿದಿದೆ. ಉಳಿತಾಯ ಖಾತೆಯಲ್ಲಿ 12 ಲಕ್ಷ ಇದೆ, ಮುಟ್ಟಲು ಕೈ ಬಾರದು. ಊರಿನ ತಮ್ಮ ಕೈಗಡ ಕೇಳಿದರೆ ಕೊಡುತ್ತೇನೆ, ಆಮೇಲೆ ನಿದ್ದೆ ಬರುವುದಿಲ್ಲ. ಮೊನ್ನೆ ಲೈನ್ ಬಜಾರದಲ್ಲಿ ಫೇಡೆ ಕೊಳ್ಳುವಾಗ ಒಂಬತ್ತು ವರ್ಷದ ಮಗಳು, 'ಅಪ್ಪಾ, ನಮಗ ಇದು ಪರವಡತೈತೇನು?' ಅಂದಳು. ನನ್ನದು ರೋಗವೋ, ಗುಣವೋ?
– ಒಬ್ಬ ಓದುಗ, ಧಾರವಾಡ

ಸಂಪಾದಕರ ಉತ್ತರ:

ನಮಸ್ಕಾರ. ನೀವು ಬರೆದದ್ದರಲ್ಲಿ ಬಹುಪಾಲು ರೊಕ್ಕದ ಲೆಕ್ಕ. ಮಗಳ ಮಾತು ಒಂದೇ ಸಾಲು, ಅದನ್ನೂ ತುಸು ಹೆಮ್ಮೆಯಿಂದಲೇ ಬರೆದಂತಿದೆ. ನಾನು ಮುಂದೆ ಹೋಗಲಾರದೆ ನಿಂತದ್ದು ಅಲ್ಲೇ.

ನಿಮ್ಮ ಅಂಜಿಕೆಯ ಬಗ್ಗೆ ನನ್ನ ತಕರಾರಿಲ್ಲ. ಮಗ್ಗದ ಮನೆಯಲ್ಲಿ ಕೂಲಿ ಕೈಗೆ ಬರುವುದು ಸೀರೆ ಇಳಿದ ಮೇಲೆ. ಮಳೆಗಾಲದಲ್ಲಿ ಕುಣಿಮಗ್ಗದ ಕುಣಿಯಲ್ಲಿ ನೀರು ಜಿನುಗಿದರೆ ನೇಯ್ಗೆಯೂ ಇಲ್ಲ, ಕೂಲಿಯೂ ಇಲ್ಲ. ಅಂಥಲ್ಲಿ ಬೆಳೆದವನಿಗೆ ತಿಂಗಳಿಗೊಮ್ಮೆ ತಾನಾಗಿ ಬಂದು ಬೀಳುವ ಪಗಾರದ ಮೇಲೆ ನಂಬಿಕೆ ಹುಟ್ಟುವುದಾದರೂ ಹೇಗೆ? ಅದನ್ನು ರೋಗ ಅನ್ನಲಾರೆ. ಗುಣವೆಂದು ಪೂಜೆಗೆ ಕೂಡಿಸಲೂ ಬೇಡಿ.

ನಮ್ಮವ್ವನ ಕತೆ ಕೇಳಿ. 2016ರ ನವೆಂಬರ್ 8ರ ರಾತ್ರಿ 500 ಮತ್ತು 1000ದ ನೋಟು ರದ್ದಾದವಲ್ಲ, ಆಗ ನಾವೆಲ್ಲ ಹುಬ್ಬಳ್ಳಿಯಲ್ಲಿ ಬ್ಯಾಂಕಿನ ಮುಂದೆ ಪಾಳಿ ಹಚ್ಚಿದ್ದೆವು. 'ಯವ್ವಾ, ನಿನ್ನ ಕಡೆ ಏನರ ಐತೇನು?' ಎಂದು ಮೂರು ಸಲ ಕೇಳಿದೆ. 'ನನ್ನ ಕಡೆ ಎಲ್ಲಿಂದ ಬರಬೇಕೋ' ಅಂದಳು. ಡಿಸೆಂಬರ್ 30ರ ಗಡುವೂ ಮುಗಿಯಿತು. ಮುಂದಿನ ಯುಗಾದಿಗೆ ಮನೆ ಸ್ವಚ್ಛ ಮಾಡುವಾಗ ಜೋಳದ ಡಬ್ಬಿಯ ತಳದಲ್ಲಿ, ಹಳೇ ಇಳಕಲ್ ಸೀರೆಯ ತುಂಡಿನಲ್ಲಿ ಸುತ್ತಿದ 500ರ 29 ನೋಟು! 'ಹೇಳಿದ್ರ ನೀವು ಖರ್ಚ ಮಾಡತಿದ್ರಿ' ಅಂದಳು. ರದ್ದಾದ ನೋಟು ಹತ್ತಕ್ಕಿಂತ ಹೆಚ್ಚಿದ್ದರೆ ದಂಡ ಎಂಬ ಕಾಯ್ದೆ ಅಷ್ಟರಲ್ಲಿ ಬಂದಿತ್ತು. ಅವ್ವ ಎಂಬತ್ತರ ಹೊಸ್ತಿಲಲ್ಲಿ ಅಪರಾಧಿಯಾದಳೆಂದು ಬಿದ್ದು ಬಿದ್ದು ನಕ್ಕೆವು. ಕಣ್ಣು ಮಂಜಾಗಿದ್ದರೂ ಆಕೆ ಆ ವರ್ಷವಿಡೀ ಕನ್ನಡಕ ಬದಲಿಸಲು ಒಪ್ಪಿರಲಿಲ್ಲ ಎಂಬುದು ನನಗೆ ನೆನಪಾದದ್ದು ರಾತ್ರಿ ಮಲಗಿದ ಮೇಲೆ.

ಕೂಡಿಟ್ಟದ್ದು ತಪ್ಪಲ್ಲ. ಯಾವುದಕ್ಕೆ ಎಂಬುದನ್ನು ಅವ್ವ ತನಗೂ ಹೇಳಿಕೊಂಡಿರಲಿಲ್ಲ. ನಿಮ್ಮ 12 ಲಕ್ಷದ ಕತೆಯೂ ಅದೇ. ಒಂದು ಬ್ಯಾಂಕಿನಲ್ಲಿ ಒಬ್ಬರ ಠೇವಣಿಗೆ ವಿಮೆಯ ರಕ್ಷಣೆ ಇರುವುದು, ಬಡ್ಡಿಯೂ ಸೇರಿ, 5 ಲಕ್ಷದವರೆಗೆ. 2020ರ ಫೆಬ್ರುವರಿಗೆ ಮುಂಚೆ ಅದು ಬರೇ 1 ಲಕ್ಷ ಇತ್ತು. ಎಲ್ಲವನ್ನೂ ಒಂದೇ ಖಾತೆಯಲ್ಲಿಟ್ಟು ರಾತ್ರಿ ಎದ್ದು ಕೂಡುವುದು ಯಾವ ಜಾಣತನ? ಅಂಜುವುದಿದ್ದರೆ ನೆಟ್ಟಗೆ ಅಂಜಿರಿ. ಒಂದು ವರ್ಷದ ಮನೆಖರ್ಚನ್ನು ಆಪತ್ತಿಗೆಂದು ಬೇರೆ ತೆಗೆದಿಡಿ, ಅದನ್ನು ಯಾರೂ ಮುಟ್ಟುವುದು ಬೇಡ. ಉಳಿದದ್ದು ಯಾವುದಕ್ಕೆ ಎಂದು ಮನೆಯವರ ಜೊತೆ ಕೂತು ಬರೆಯಿರಿ. ನಿಮ್ಮ ಪತ್ರದಲ್ಲಿ ಅವರ ಮಾತು ಒಂದೂ ಇಲ್ಲ, ಅವರದೂ ಪಗಾರ ಅದರಲ್ಲಿದೆ.

ತಮ್ಮನ ಕೈಗಡ. ನಿಮ್ಮ ಗದಗ ತಾಲ್ಲೂಕಿನ ಕಣಗಿನಹಾಳದಲ್ಲೇ 1905ರಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಪತ್ತಿನ ಸಹಕಾರ ಸಂಘ ಕಟ್ಟಿದರು. ಅಲ್ಲಿ ಸಾಲ ಬರೆದದ್ದು ಖಾತೆ ಪುಸ್ತಕದಲ್ಲಿ, ನೀವು ಬರೆದುಕೊಳ್ಳುತ್ತಿರುವುದು ಮನಸ್ಸಿನಲ್ಲಿ. ಕೊಟ್ಟದ್ದು ಸಾಲವಾದರೆ ಚೀಟಿ ಬರೆಯಿರಿ. ಇಲ್ಲವಾದರೆ ಕೊಟ್ಟೆ ಅನ್ನುವುದನ್ನೇ ಮರೆತುಬಿಡಿ.

ಈಗ ಮಗಳು. ಉದ್ರಿ ಪುಸ್ತಕ ನೋಡಿ ನೀವು ಅಂಜಿದಾಗ ನಿಮಗೆ ಕಡೇಪಕ್ಷ ಬಾಕಿ ಎಷ್ಟೆಂಬುದು ಗೊತ್ತಿತ್ತು. ಅವಳು ನೋಡಿದ್ದು ಫೇಡೆ ಅಂಗಡಿಯ ಮುಂದೆ ಬಿಗಿದುಕೊಂಡ ನಿಮ್ಮ ಮುಖವನ್ನಷ್ಟೇ. ಮನೆಯ ಸಾಲ ತೀರಿದೆ ಎಂದು ಅವಳಿಗೆ ಯಾರಾದರೂ ಹೇಳಿದ್ದೀರಾ? ಇವತ್ತೇ ಹೇಳಿ. ತಿಂಗಳಿಗೆ ಎಷ್ಟು ಬರುತ್ತದೆ, ಎಷ್ಟು ಹೋಗುತ್ತದೆ ಎಂಬುದನ್ನೂ ಹೇಳಿ. ಒಂಬತ್ತು ವರ್ಷಕ್ಕೆ ಕೂಡುವ, ಕಳೆಯುವ ಲೆಕ್ಕ ಬರುತ್ತದೆ. ಮುಂದಿನ ಸಲ ಲೈನ್ ಬಜಾರಕ್ಕೆ ಹೋದಾಗ 500ರ ನೋಟು ಅವಳ ಕೈಗೇ ಕೊಟ್ಟು ನೀವು ಹೊರಗೆ ನಿಲ್ಲಿ. ಅರ್ಧ ಕಿಲೋ ಬೇಕೋ, ಕಾಲು ಕಿಲೋ ಸಾಕೋ, ಅವಳೇ ಕೇಳಿ ತರಲಿ. ಚಿಲ್ಲರೆ ಎಣಿಸಬೇಡಿ.