ಮನೆಯಲ್ಲೇ ಮ್ಯಾನಿಕ್ಯೂರ್, ಸುಲಭದ ನೇಲ್ ಆರ್ಟ್ ಮಾಡಿಕೊಳ್ಳುವುದು ಹೇಗೆ? ನಾನು ಹಚ್ಚಿದ ಪಾಲಿಶ್ ಎರಡೇ ದಿನಕ್ಕೆ ಏಳುತ್ತದೆ

ನೀವು ಕೇಳಿರುವುದು ಮೂರು ವಿಷಯ. ಪಾಲಿಶ್ ನಿಲ್ಲುವುದಿಲ್ಲ, ಎಡಗೈಯಿಂದ ಬಲಗೈಗೆ ಹಚ್ಚಲು ಬರುವುದಿಲ್ಲ, ಮುಂದಿನ ತಿಂಗಳು ಅಕ್ಕನ ಮದುವೆಗೆ ಏನಾದರೂ ಡಿಸೈನ್ ಬೇಕು. ಮೊದಲನೆಯದು ಸರಿಹೋದರೆ ಮಿಕ್ಕಿದ್ದು ಕಷ್ಟವಲ್ಲ. ಅದಕ್ಕೆ ನನ್ನ ಉತ್ತರ ಇಷ್ಟೇ: ಆ ಬಿಸಿನೀರಿನ ಬಟ್ಟಲು ಎತ್ತಿಡಿ.

ವಿಡಿಯೊಗಳಲ್ಲಿ ಮೊದಲು ತೋರಿಸುವುದೇ ಅದು ಅಲ್ವಾ? ಉಗುರುಬೆಚ್ಚಗಿನ ನೀರು, ಸ್ವಲ್ಪ ಶಾಂಪೂ, ಅರ್ಧ ನಿಂಬೆಹಣ್ಣು, ಹತ್ತು ನಿಮಿಷ ಕೈ ನೆನೆಸಿ ಅಂತ. ನೋಡಲು ಚೆಂದ. ಆದರೆ ಉಗುರು ನೀರು ಕುಡಿಯುತ್ತದೆ, ಕುಡಿದು ಸ್ವಲ್ಪ ಉಬ್ಬುತ್ತದೆ. ಆ ಉಬ್ಬಿದ ಉಗುರಿನ ಮೇಲೆ ಬಣ್ಣ ಹಚ್ಚುತ್ತೀರಿ. ಆಮೇಲೆ ಉಗುರು ಒಣಗಿ ಮೊದಲಿನ ಅಳತೆಗೆ ಬರುತ್ತದೆ, ಬಣ್ಣ ಮಾತ್ರ ಅಲ್ಲೇ ಇರುತ್ತದೆ. ಅಂಚಿನಿಂದ ಏಳದೆ ಇನ್ನೇನು ಮಾಡೀತು? ಹಿಮ್ಮಡಿ ಉಜ್ಜಬೇಕಾದ ಪೆಡಿಕ್ಯೂರ್‌ಗೆ ನೀರು ಬೇಕು, ಕೈಗೆ ಬೇಡ. ಪಾತ್ರೆ ತೊಳೆದ ತಕ್ಷಣ, ಸ್ನಾನ ಮುಗಿಸಿದ ತಕ್ಷಣವೂ ಹಚ್ಚಬೇಡಿ. ಒಂದು ಗಂಟೆಯಾದರೂ ಬಿಡಿ.

ಒಣ ಕೈಯಲ್ಲೇ ಹಳೆ ಬಣ್ಣ ತೆಗೆಯಿರಿ, ಉಗುರು ಕತ್ತರಿಸಿ, ಫೈಲ್ ಮಾಡಿ. ನೇಲ್ ಕಟರ್ ಜೊತೆ ಬರುವ ಕಬ್ಬಿಣದ ಫೈಲ್ ತುಂಬಾ ಒರಟು, ಅದರಿಂದ ತುದಿ ಪದರ ಪದರವಾಗಿ ಸೀಳುತ್ತದೆ. ಒಂದು ಗ್ಲಾಸ್ ಫೈಲ್ ತೆಗೆದುಕೊಳ್ಳಿ, ತೊಳೆದು ವರ್ಷಗಟ್ಟಲೆ ಬಳಸಬಹುದು. ಗರಗಸದ ಹಾಗೆ ಹಿಂದಕ್ಕೂ ಮುಂದಕ್ಕೂ ಎಳೆಯದೆ ಒಂದೇ ದಿಕ್ಕಿಗೆ ಎಳೆಯಿರಿ. ಚಪಾತಿ ಹಿಟ್ಟು ಕಲೆಸುವ ಕೈಗೆ ಉದ್ದ ಚೂಪು ಉಗುರು ಆಗಿಬರುವುದಿಲ್ಲ. ಗಿಡ್ಡವಾಗಿ, ಮೂಲೆ ಮಾತ್ರ ಸ್ವಲ್ಪ ದುಂಡಗೆ ಇಡಿ.

ಉಗುರಿನ ಬುಡದಲ್ಲಿರುವ ತೆಳು ಚರ್ಮವನ್ನು ದಯವಿಟ್ಟು ಕತ್ತರಿಸಬೇಡಿ. ಕೊಳೆ, ಕ್ರಿಮಿ ಒಳಗೆ ಹೋಗದಂತೆ ತಡೆಯುವುದೇ ಅದು. ಅದನ್ನು ಕಿತ್ತರೆ ಉಗುರುಸುತ್ತು ಆಗಿ, ಬೆರಳಿಗೆ ನಿಂಬೆಹಣ್ಣು ಸಿಕ್ಕಿಸಿಕೊಂಡು ಓಡಾಡಬೇಕಾದೀತು. ಒಂದು ತೊಟ್ಟು ಕೊಬ್ಬರಿ ಎಣ್ಣೆ ತಿಕ್ಕಿ, ಟವೆಲ್ ತುದಿಯಿಂದ ಮೆಲ್ಲಗೆ ಹಿಂದಕ್ಕೆ ತಳ್ಳಿದರೆ ಸಾಕು. ಈಗ ಜಾಸ್ತಿ ಜನ ಬಿಟ್ಟುಬಿಡುವ ಕೆಲಸ: ರಿಮೂವರ್ ಅದ್ದಿದ ಹತ್ತಿಯಿಂದ ಪ್ರತಿ ಉಗುರನ್ನೂ ಒರೆಸಿ. ಎಣ್ಣೆ ಜಿಡ್ಡು ಚೂರು ಉಳಿದರೂ ಬಣ್ಣ ಸಿಪ್ಪೆ ಸಿಪ್ಪೆಯಾಗಿ ಬರುತ್ತದೆ.

ಬಾಟಲಿಯನ್ನು ಕುಲುಕಬೇಡಿ, ಗಾಳಿ ಸೇರಿ ಗುಳ್ಳೆ ಬರುತ್ತದೆ. ಎರಡು ಅಂಗೈ ನಡುವೆ ಉರುಳಿಸಿ. ಫ್ಯಾನ್ ಜೋರಾಗಿದ್ದರೆ ಮೇಲೆ ಬೇಗ ಒಣಗಿ ಒಳಗೆ ಹಸಿ ಉಳಿಯುತ್ತದೆ, ಸ್ವಲ್ಪ ಹೊತ್ತು ಆರಿಸಿ. ಮೊದಲು ಬೇಸ್ ಕೋಟ್, ಅಂದರೆ ಬಣ್ಣದ ಕೆಳಗೆ ಹಚ್ಚುವ ಬಣ್ಣವಿಲ್ಲದ ಪದರ. ಅದಿಲ್ಲದಿದ್ದರೆ ಗಾಢ ಕೆಂಪು ಬಣ್ಣ ಉಗುರನ್ನು ಹಳದಿ ಮಾಡುತ್ತದೆ. ಆಮೇಲೆ ತೆಳ್ಳಗೆ ಎರಡು ಸಲ ಬಣ್ಣ, ಮೇಲೆ ಅದನ್ನು ಕಾಯುವ ಬಣ್ಣವಿಲ್ಲದ ಟಾಪ್ ಕೋಟ್. ಪ್ರತಿ ಸಲವೂ ಉಗುರಿನ ತುದಿಯ ದಪ್ಪದ ಮೇಲೂ ಒಮ್ಮೆ ಬ್ರಷ್ ಎಳೆಯಿರಿ. ಬಣ್ಣ ಏಳಲು ಶುರುವಾಗುವುದೇ ಅಲ್ಲಿಂದ. ಬುಡದ ಚರ್ಮಕ್ಕೆ ತಾಗದಂತೆ ಕೂದಲೆಳೆಯಷ್ಟು ಜಾಗ ಬಿಡಿ. ಬಾಟಲಿ ಗಟ್ಟಿಯಾಗಿದ್ದರೆ ಅದಕ್ಕೆ ರಿಮೂವರ್ ಸುರಿಯಬೇಡಿ, ಬಣ್ಣ ಕೆಡುತ್ತದೆ. ನೇಲ್ ಪಾಲಿಶ್ ಥಿನ್ನರ್ ಅಂತಲೇ ಸಿಗುತ್ತದೆ, ಎರಡು ಹನಿ ಹಾಕಿ. ಎರಡೂ ಬೇಗ ಹೊತ್ತಿಕೊಳ್ಳುವಂಥವು, ಒಲೆ ಹತ್ತಿರ, ದೇವರ ದೀಪದ ಹತ್ತಿರ ಕೂರಬೇಡಿ.

ಬಲಗೈ ವಿಷಯ. ಅದಕ್ಕೇ ಮೊದಲು ಹಚ್ಚಿ. ಎಡಗೈ ಹಸಿ ಇದ್ದಾಗ ಅದರಿಂದಲೇ ಬ್ರಷ್ ಹಿಡಿಯುವ ಪೇಚಾಟ ತಪ್ಪುತ್ತದೆ. ಎರಡೂ ಮೊಣಕೈ ಮೇಜಿನ ಮೇಲೆ ಊರಿ. ಎಡಗೈಯಲ್ಲಿ ಬ್ರಷ್ ಅಲುಗಿಸದೆ ಹಿಡಿದು, ಬಲಗೈ ಬೆರಳನ್ನೇ ಮೆಲ್ಲಗೆ ಹಿಂದಕ್ಕೆ ಎಳೆಯಿರಿ, ಬೇಕಾದ ಕಡೆ ಹೊರಳಿಸಿ. ಚರ್ಮಕ್ಕೆ ತಾಗಿದ್ದನ್ನು ಸಣ್ಣ ಪೇಂಟ್ ಬ್ರಷ್ ರಿಮೂವರ್‌ನಲ್ಲಿ ಅದ್ದಿ ಒರೆಸಿದರಾಯಿತು.

ಪಾರ್ಲರ್‌ನವರು ಹೇಳದ ಒಂದು ಮಾತು. ಬಿಳಿ ತುದಿಯ ಫ್ರೆಂಚ್ ಮ್ಯಾನಿಕ್ಯೂರ್ ಕೈಯಲ್ಲಿ ಉಣ್ಣುವವರಿಗಲ್ಲ. ಮಧ್ಯಾಹ್ನ ಹುಳಿಯನ್ನ ಕಲೆಸಿದಿರೋ, ಬಲಗೈಯ ಐದು ತುದಿಯೂ ಅರಿಶಿನ ಹಳದಿ, ಎಡಗೈ ಮಾತ್ರ ಬೆಳ್ಳಗೆ. ಅರಿಶಿನದ ಬಣ್ಣ ಬಿಸಿಲಿಗೆ ಮಾಸುತ್ತದೆ ನಿಜ, ಹಾಗಂತ ಮದುವೆಮನೆಯಲ್ಲಿ ಕೈ ಒಣಹಾಕಿಕೊಂಡು ನಿಲ್ಲಲು ಆಗುತ್ತದಾ! ಮರೂನ್, ಗಾಢ ಹಸಿರು, ಇಟ್ಟಿಗೆ ಕೆಂಪು, ಇಂಥವು ಇಟ್ಟುಕೊಳ್ಳಿ.

ಡಿಸೈನ್‌ಗೆ ಕಿಟ್ ಬೇಡ. ಉಂಡೆ ತುದಿಯ ಹೇರ್‌ಪಿನ್ ಒಂದು, ಮುಗಿದ ಬಾಲ್‌ಪೆನ್ ರೀಫಿಲ್ ಒಂದು, ಟೂತ್‌ಪಿಕ್ ಒಂದು. ಮೂರು ಅಳತೆಯ ಚುಕ್ಕಿ ಸಿಕ್ಕಿತು. ತೊಳೆದ ಹಾಲಿನ ಕವರ್ ಮೇಲೆ ಒಂದು ಹನಿ ಬಣ್ಣ ಬಿಟ್ಟು, ಪಿನ್ ಅದ್ದಿ, ಉಗುರಿಗೆ ನೇರವಾಗಿ ತಾಗಿಸಿ ಎತ್ತಿ. ಒತ್ತಬೇಡಿ. ಪ್ರತಿ ಚುಕ್ಕಿಗೂ ಹೊಸದಾಗಿ ಅದ್ದಿದರೆ ಎಲ್ಲ ಒಂದೇ ಗಾತ್ರ. ಒಮ್ಮೆ ಅದ್ದಿ ನಾಲ್ಕು ಚುಕ್ಕಿ ಇಟ್ಟರೆ ದೊಡ್ಡದರಿಂದ ಚಿಕ್ಕದಕ್ಕೆ ಇಳಿಯುತ್ತಾ ಹೋಗುತ್ತದೆ. ಮರೂನ್ ಮೇಲೆ ಚಿನ್ನದ ಬಣ್ಣದಲ್ಲಿ ಬುಡದಿಂದ ತುದಿಗೆ ಹೀಗೆ ಒಂದು ಸಾಲು ಇಡಿ, ರೇಷ್ಮೆ ಸೀರೆಗೆ ಅಷ್ಟೇ ಸಾಕು. ನಡುವೆ ಒಂದು, ಸುತ್ತ ಐದು ಇಟ್ಟರೆ ಹೂವು. ಎಡಗೈ ನಡುಗಿದರೂ ಚುಕ್ಕಿ ಕೆಡುವುದಿಲ್ಲ, ಗೆರೆ ಕೆಡುತ್ತದೆ. ಗೆರೆಯೇ ಬೇಕಿದ್ದರೆ ಸೆಲೋಟೇಪ್ ಅಂಟಿಸಿ ಹಚ್ಚಿ. ಟೇಪನ್ನು ಮೊದಲು ಅಂಗೈ ಹಿಂಭಾಗಕ್ಕೆ ಒಮ್ಮೆ ಅಂಟಿಸಿ ಕಿತ್ತು ಅಂಟು ಕಮ್ಮಿ ಮಾಡಿ, ಕೆಳಗಿನ ಬಣ್ಣ ಪೂರ್ತಿ ಒಣಗಿರಲಿ, ಮೇಲಿನ ಬಣ್ಣ ಹಸಿ ಇರುವಾಗಲೇ ಟೇಪ್ ತೆಗೆಯಿರಿ. ಡಿಸೈನ್ ಚೆನ್ನಾಗಿ ಒಣಗಿದ ಮೇಲೇ ಟಾಪ್ ಕೋಟ್, ಇಲ್ಲದಿದ್ದರೆ ಎಲ್ಲ ಕದಡಿಹೋಗುತ್ತದೆ.

ನನಗೆ ತುಂಬಾ ಇಷ್ಟದ್ದು ಪೇಪರ್ ಡಿಸೈನ್. ತಿಳಿ ಬಣ್ಣ ಹಚ್ಚಿ ಚೆನ್ನಾಗಿ ಒಣಗಿಸಿ. ಕನ್ನಡ ಪತ್ರಿಕೆಯ ಸಣ್ಣ ಅಕ್ಷರದ ತುಂಡನ್ನು ಸರ್ಜಿಕಲ್ ಸ್ಪಿರಿಟ್‌ನಲ್ಲಿ ಒದ್ದೆ ಮಾಡಿ, ಉಗುರಿನ ಮೇಲೆ ಅಲುಗದಂತೆ ಹದಿನೈದು ಸೆಕೆಂಡ್ ಒತ್ತಿ ಎತ್ತಿ. ಅಕ್ಷರ ಉಗುರಿನ ಮೇಲೆ ಕೂತಿರುತ್ತದೆ, ಆದರೆ ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗಿ. ಸೊನ್ನೆ ಮಾತ್ರ ಬಚಾವ್! ಮದುವೆಗಲ್ಲ, ಸುಮ್ನೆ ಕಾಲೇಜಿಗೆ, ಆಫೀಸಿಗೆ ಚೆಂದ.

ಆನ್‌ಲೈನ್‌ನಲ್ಲಿ ಲ್ಯಾಂಪ್ ಸಮೇತ ಸಿಗುವ ಜೆಲ್ ಕಿಟ್ ಕೊಳ್ಳಲಾ ಅಂತಲೂ ಕೇಳಿದ್ದೀರಿ. ಆ ಲ್ಯಾಂಪಿನ ಬೆಳಕಿಗೆ ಗಟ್ಟಿಯಾಗುವ ಪಾಲಿಶ್ ಅದು. ನಾನಂತೂ ಬೇಡ ಅನ್ನುತ್ತೇನೆ. ಗಟ್ಟಿಯಾಗದ ಜೆಲ್ ಚರ್ಮಕ್ಕೆ ತಾಗುತ್ತಿದ್ದರೆ ಅದರಲ್ಲಿರುವ ಮೆಥಾಕ್ರಿಲೇಟ್‌ಗೆ ಅಲರ್ಜಿ ಬರಬಹುದು. ಬಂದರೆ ಜೀವನಪೂರ್ತಿ ಇರಬಹುದು. ಬ್ರಿಟನ್ನಿನ ಚರ್ಮವೈದ್ಯರ ಸಂಘ 2018ರಲ್ಲೇ ಇದರ ಬಗ್ಗೆ ಎಚ್ಚರಿಸಿತ್ತು, ಮನೆಯಲ್ಲಿ ಬಳಸುವ ಕಿಟ್‌ಗಳನ್ನೂ ಸೇರಿಸಿ. ಹಲ್ಲಿಗೆ ತುಂಬುವ ಕೆಲವು ಸಿಮೆಂಟ್‌ಗಳಲ್ಲೂ ಇದೇ ಜಾತಿಯ ರಾಸಾಯನಿಕ ಇರುತ್ತದೆ, ಯೋಚನೆ ಮಾಡಿ.

ಇನ್ನು ಮದುವೆಗೆ. ಮೆಹಂದಿ ಹಾಕಿಸಿಕೊಳ್ಳುವವರಿದ್ದರೆ ಅದಕ್ಕೆ ಮುಂಚೆ ಉಗುರಿಗೆ ಬೇಸ್ ಕೋಟ್ ಬಳಿದುಕೊಳ್ಳಿ. ಕೈ ಮೇಲಿನ ಬಣ್ಣ ಒಂದೆರಡು ವಾರಕ್ಕೆ ಹೋಗುತ್ತದೆ, ಉಗುರಿಗೆ ಹಿಡಿದದ್ದು ಉಗುರು ಬೆಳೆದೇ ಹೋಗಬೇಕು. ಉಗುರು ಬೆಳೆಯುವುದು ತಿಂಗಳಿಗೆ ಸುಮಾರು 3 ಮಿ.ಮೀ. ಅಷ್ಟೇ. ಮೆಹಂದಿ ಉದುರಿಸಿ, ಎಣ್ಣೆ ಎಲ್ಲ ಒಣಗಿದ ಮೇಲೆ ಮಾರನೇ ದಿನ ಆ ಬೇಸ್ ಕೋಟ್ ತೆಗೆದು ಹೊಸದಾಗಿ ಹಚ್ಚಿ. ಮಲಗುವ ಹೊತ್ತಿಗೆ ಮಾತ್ರ ಹಚ್ಚಬೇಡಿ, ಬೆಳಿಗ್ಗೆ ಹತ್ತು ಉಗುರಿನ ಮೇಲೂ ಬೆಡ್‌ಶೀಟಿನ ಗೆರೆ ಮೂಡಿರುತ್ತದೆ. ಸಂಜೆ ಟೀ ಹೊತ್ತಿಗೆ ಕೂತರೆ ಸರಿ.